ಹದಿನಾರು ಪೆನ್ನಿಯೋ ಹದಿನೆಂಟೋ: ದುಡ್ಡಿನ ರಾಜಕೀಯ ಓದಿದ ನನ್ನ ಅನುಭವ

ಶಿರಸಿ, ಸಿದ್ದಾಪುರದ ಕಡೆ ಯಾವ ಮನೆಯ ಊಟಕ್ಕೆ ಹೋದರೂ ನನಗೊಂದು ಪ್ರಶ್ನೆ ಗ್ಯಾರಂಟಿ. "ತಮಾ, ರುಪಾಯಿ ಬಿದ್ರೆ ಅಡಕೆಗೆ ಒಳ್ಳೇದನಾ?"

ಇದಕ್ಕೆ ಒಂದೇ ಉತ್ತರ ಇಲ್ಲ. ಡಾಲರ್ ಎದುರು ರೂಪಾಯಿ ಇಳಿದರೆ ಹೊರದೇಶದ ಅಡಿಕೆ ದುಬಾರಿಯಾಗುತ್ತದೆ. ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಲ್ಲ, ಅದಕ್ಕೆ ಮೈಲುತುತ್ತ ಬೇಕು. ಮೈಲುತುತ್ತಕ್ಕೆ ತಾಮ್ರ ಬೇಕು. ತಾಮ್ರದ ದರ ಡಾಲರಿನಲ್ಲಿ ನಿಗದಿಯಾಗುತ್ತದೆ. ಪೊಟ್ಯಾಷ್ ಗೊಬ್ಬರವಂತೂ ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದಲೇ ಬರುವುದು. ಮನೆಯ ಮಗ ಬೆಂಗಳೂರಿನಲ್ಲಿ ಕೂತು ಅಮೆರಿಕದ ಕಂಪನಿಗೆ ದುಡಿಯುತ್ತಿದ್ದರೆ ಒಂದು ಲೆಕ್ಕ. ಮಗಳು ಜರ್ಮನಿಯಲ್ಲಿ ಓದುತ್ತಿದ್ದು ಅಪ್ಪ ಫೀಸು ಕಟ್ಟುತ್ತಿದ್ದರೆ ಇನ್ನೊಂದು ಲೆಕ್ಕ. ಅದರ ಮೇಲೆ, ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಗೆ ಹೊರಗಿನ ಅಡಿಕೆ ತರುವ ಹಾಗಿಲ್ಲ ಎಂದು ಕೇಂದ್ರ ಸರ್ಕಾರ 2023ರ ಫೆಬ್ರವರಿಯಲ್ಲಿ ನಿಯಮ ಮಾಡಿದೆ. ಹಾಗಾಗಿ ರೂಪಾಯಿ ಬಿದ್ದ ಲಾಭ ತೋಟಕ್ಕೆ ನೇರವಾಗಿ ಮುಟ್ಟುವುದೂ ಇಲ್ಲ.

ಒಂದೇ ಮನೆಯಲ್ಲಿ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ದೇಶದ ಮಟ್ಟದಲ್ಲಿ ಇದನ್ನು ತೀರ್ಮಾನಿಸುವವರು ಯಾರು, ಭಾರ ಬೀಳುವುದು ಯಾರ ಮೇಲೆ? ಇದನ್ನು ಓದುವುದೇ ನನ್ನ ಕೆಲಸ. ಕಾಗದದ ಮೇಲೆ ಇದರ ಹೆಸರು ಅಂತಾರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರ. ಅದರೊಳಗೆ ನನ್ನದು ಹಣ ಮತ್ತು ಹಣಕಾಸಿನ ಭಾಗ. ಈ ದಾರಿಗೆ ಬರಬೇಕೆಂದಿರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶಿರಸಿಯಲ್ಲಿ ಬಿ.ಎ., ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿದೆ. ತರಗತಿಯಲ್ಲಿ ವಿನಿಮಯ ದರ ಎಂದರೆ ಬೋರ್ಡಿನ ಮೇಲೆ ಎರಡು ಗೆರೆ, ಅವು ಕೂಡುವ ಒಂದು ಬಿಂದು. ನನ್ನನ್ನು ಹಿಡಿದಿಟ್ಟದ್ದು ಮಂಡೆಲ್ ಮತ್ತು ಫ್ಲೆಮಿಂಗ್ ಎಂಬ ಅರ್ಥಶಾಸ್ತ್ರಜ್ಞರು 1960ರ ದಶಕದ ಆರಂಭದಲ್ಲಿ ಮಾಡಿದ ಕೆಲಸದಿಂದ ಬಂದ ಒಂದು ಸೂತ್ರ. ಸ್ಥಿರ ವಿನಿಮಯ ದರ, ಬಂಡವಾಳ ಸಲೀಸಾಗಿ ಬಂದುಹೋಗುವ ಬಾಗಿಲು, ಬಡ್ಡಿ ದರವನ್ನು ತಾನೇ ತೀರ್ಮಾನಿಸುವ ಸ್ವಾತಂತ್ರ್ಯ, ಈ ಮೂರನ್ನೂ ಒಂದು ದೇಶ ಒಟ್ಟಿಗೆ ಇಟ್ಟುಕೊಳ್ಳಲು ಆಗುವುದಿಲ್ಲ. ಒಂದನ್ನು ಬಿಡಲೇಬೇಕು. ಸರಿ, ಯಾವುದನ್ನು ಬಿಡಬೇಕು? ಮೇಷ್ಟ್ರು ಅಲ್ಲಿಗೆ ಚಾಕ್‌ಪೀಸ್ ಕೆಳಗಿಡುತ್ತಿದ್ದರು. ನನಗೆ ಅಲ್ಲಿಂದ ಮುಂದಿನದೇ ಬೇಕಿತ್ತು.

ಪಿಎಚ್‌ಡಿಗೆ ದೆಹಲಿಗೆ ಹೋದಾಗ ಎಲ್ಲರೂ ಡಾಲರ್, ಯೂರೋ, ವಾಷಿಂಗ್ಟನ್ ಎನ್ನುತ್ತಿದ್ದರು. ನನಗೆ ವಿಷಯ ಸಿಕ್ಕಿದ್ದು ಊರಿನ ಕಡೆಯಿಂದ. 1930ರ ಜನವರಿ ಕೊನೆಯಲ್ಲಿ ಗಾಂಧೀಜಿ ವೈಸ್‌ರಾಯ್ ಮುಂದೆ ಹನ್ನೊಂದು ಬೇಡಿಕೆ ಇಟ್ಟರು. ಉಪ್ಪಿನ ತೆರಿಗೆ ತೆಗೆಯಬೇಕು ಎಂಬುದು ಎಲ್ಲರಿಗೂ ಗೊತ್ತು. ಆ ವರ್ಷದ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪು ಮಾಡಿದ್ದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಾಲಾ ಮಕ್ಕಳಿಗೂ ಗೊತ್ತು. ಭೂಕಂದಾಯ ಅರ್ಧಕ್ಕೆ ಇಳಿಸಿ ಎಂಬುದೂ ಅದರಲ್ಲಿತ್ತು. ಅದೇ ಪಟ್ಟಿಯಲ್ಲಿ ಇನ್ನೊಂದು ಬೇಡಿಕೆ ಇದೆ: ರೂಪಾಯಿಯ ದರವನ್ನು 1 ಶಿಲಿಂಗ್ 4 ಪೆನ್ಸ್‌ಗೆ ಇಳಿಸಬೇಕು. ಉಪ್ಪಿನ ಪಕ್ಕದಲ್ಲಿ ವಿನಿಮಯ ದರ! ಇದು ಯಾಕಿಲ್ಲಿ ಬಂತು ಎಂದು ಹುಡುಕುತ್ತಾ ಹೋದದ್ದೇ ನನ್ನ ಪ್ರಬಂಧವಾಯಿತು.

ಲೆಕ್ಕ ಸುಲಭ. ಒಂದು ಶಿಲಿಂಗ್ ಅಂದರೆ 12 ಪೆನ್ನಿ, ಒಂದು ಪೌಂಡ್ ಅಂದರೆ 20 ಶಿಲಿಂಗ್. ರೂಪಾಯಿಗೆ 16 ಪೆನ್ನಿ ಆದರೆ ಒಂದು ಪೌಂಡಿಗೆ 15 ರೂಪಾಯಿ. 18 ಪೆನ್ನಿ ಆದರೆ ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ. ಭಾರತದ ಹಣದ ವ್ಯವಸ್ಥೆ ಪರಿಶೀಲಿಸಲು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಹಿಲ್ಟನ್ ಯಂಗ್ ಆಯೋಗ 1926ರಲ್ಲಿ ಹದಿನೆಂಟು ಎಂದಿತು. ಆಯೋಗದ ಸದಸ್ಯರೇ ಆಗಿದ್ದ ಮುಂಬೈಯ ವ್ಯಾಪಾರಿ ಪುರುಷೋತ್ತಮದಾಸ್ ಠಾಕೂರದಾಸ್ ಭಿನ್ನಮತ ಬರೆದರು. 1927ರಲ್ಲಿ ಹದಿನೆಂಟೇ ಕಾನೂನಾಯಿತು. ಭಾರತದ ಸರ್ಕಾರ ಪ್ರತಿವರ್ಷ ಲಂಡನ್ನಿಗೆ ಪೌಂಡಿನಲ್ಲಿ ಹಣ ಕಳಿಸಬೇಕಿತ್ತು. ರೂಪಾಯಿ ತುಟ್ಟಿಯಾದರೆ ಆ ಭಾರ ಹಗುರ. ಇಂಗ್ಲೆಂಡಿನ ಬಟ್ಟೆ ಇಲ್ಲಿ ಅಗ್ಗ. ಇಲ್ಲಿಯ ಇಂಗ್ಲಿಷ್ ಅಧಿಕಾರಿ ಊರಿಗೆ ಕಳಿಸುವ ದುಡ್ಡಿಗೆ ಜಾಸ್ತಿ ಪೌಂಡ್. ಹೊರಗೆ ಮಾರುವ ಬೆಳೆ ಬೆಳೆದವನಿಗೆ ಮಾತ್ರ ಪೌಂಡಿಗೆ 1 ರೂಪಾಯಿ 10 ಆಣೆ 8 ಪೈ ಕಡಿಮೆ. ಅವನು ಕಟ್ಟುವ ಕಂದಾಯ ರೂಪಾಯಿಯಲ್ಲೇ ಗೊತ್ತಾಗಿಬಿಟ್ಟಿದೆ, ಅದು ಇಳಿಯುವುದಿಲ್ಲ.

ಅದರ ಮೇಲೆ 1929ರ ನಂತರದ ಮಹಾಕುಸಿತ. ಬೆಳೆಗಳ ದರ ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಬಂತು. ಅಂಕೋಲೆ, ಸಿದ್ದಾಪುರದ ರೈತರು ಕರನಿರಾಕರಣೆಗೆ ಇಳಿದದ್ದು ಇದೇ ಕಾಲದಲ್ಲಿ. ಜಮೀನು ಹೋಯಿತು, ದನ, ಪಾತ್ರೆ ಹರಾಜಾಯಿತು, ಜೈಲಾಯಿತು. ಮಾವಿನಗುಂಡಿಯಲ್ಲಿ ಆ ಹೋರಾಟದ ಸ್ಮಾರಕವಿದೆ. ಜೋಗಕ್ಕೆ ಹೋಗುವವರು ಆ ದಾರಿಯಲ್ಲೇ ಹೋಗುತ್ತಾರೆ, ನಿಲ್ಲುವವರು ಕಡಿಮೆ.

ಹದಿನೆಂಟು ಪೆನ್ನಿಯಿಂದಲೇ ಸಿದ್ದಾಪುರದ ರೈತ ಕೆಟ್ಟ ಎಂದು ನಾನು ಬರೆಯಲಿಲ್ಲ. ಹಾಗೆ ಬರೆಯುವುದು ಸುಲಭ, ಚಪ್ಪಾಳೆಯೂ ಬೀಳುತ್ತದೆ. ಆದರೆ ದರದ ವ್ಯತ್ಯಾಸ ಎಂಟರಲ್ಲಿ ಒಂದು ಪಾಲು, ಬೆಳೆಯ ಬೆಲೆ ಬಿದ್ದದ್ದು ಅರ್ಧ. ಹೋರಾಟಕ್ಕೆ ಸ್ವರಾಜ್ಯದ ಕನಸೂ ಇತ್ತು. ನಾನು ಹೇಳಿದ್ದು ಇಷ್ಟೇ: ಬೆಲೆ ಕುಸಿದಾಗ ಬೇರೆ ದೇಶಗಳು ತಮ್ಮ ಹಣದ ದರ ಇಳಿಸಿ ಸ್ವಲ್ಪ ಉಸಿರಾಡಿದವು, ಇಲ್ಲಿ ಆ ಕೀಲಿಕೈ ಇಲ್ಲಿಯವರ ಹತ್ತಿರ ಇರಲಿಲ್ಲ. ದೆಹಲಿ, ಸಿಮ್ಲಾದ ಸರ್ಕಾರದ ಹತ್ತಿರವೂ ಇರಲಿಲ್ಲ. 1931ರ ಸೆಪ್ಟೆಂಬರ್ 21ರಂದು ಬ್ರಿಟನ್ ಚಿನ್ನದ ನಂಟು ಕಡಿದುಕೊಂಡಿತು, ಅಂದರೆ ಪೌಂಡಿಗೆ ಗೊತ್ತಾದಷ್ಟು ಚಿನ್ನ ಕೊಡುವುದನ್ನು ನಿಲ್ಲಿಸಿತು. ಭಾರತ ಸರ್ಕಾರ ರೂಪಾಯಿಯನ್ನು ಪೌಂಡಿನಿಂದ ಸ್ವಲ್ಪ ಬಿಡಿಸಿಕೊಳ್ಳಲು ಸುಗ್ರೀವಾಜ್ಞೆ ಹೊರಡಿಸಿತು. ಅದೇ ದಿನ ಲಂಡನ್ನಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಸಚಿವ ಸ್ಯಾಮ್ಯುಯೆಲ್ ಹೋರ್ ರೂಪಾಯಿ ಪೌಂಡಿನ ಜತೆಯೇ ಇರುತ್ತದೆ, ಹದಿನೆಂಟು ಪೆನ್ನಿಗೇ ಇರುತ್ತದೆ ಎಂದು ಘೋಷಿಸಿದರು. ಮೂರೇ ದಿನಕ್ಕೆ ಸುಗ್ರೀವಾಜ್ಞೆ ರದ್ದು. ವೈಸ್‌ರಾಯ್ ವಿಲಿಂಗ್ಡನ್ ಮತ್ತು ಅವರ ಮಂಡಳಿ ಸಿಟ್ಟಾದರೂ ನಡೆದದ್ದು ಲಂಡನ್ನಿನ ಮಾತು. ಆಮೇಲೆ ರೂಪಾಯಿಯಲ್ಲಿ ಚಿನ್ನದ ಬೆಲೆ ಏರಿತು. ಕಷ್ಟದಲ್ಲಿದ್ದ ಹಳ್ಳಿಯವರು ಒಡವೆ ಮಾರಿದರು, ಅದು ಮುಂಬೈ ಬಂದರಿನಿಂದ ಹಡಗು ಹತ್ತಿತು.

ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ದಾರಿ ತೋರಿಸಿದ್ದು ಅಂಬೇಡ್ಕರ್. ಲಂಡನ್ನಿನಲ್ಲಿ ರೂಪಾಯಿಯ ಮೇಲೆ ಪ್ರಬಂಧ ಬರೆದು 1923ರಲ್ಲಿ ಪುಸ್ತಕ ಮಾಡಿದವರು ಅವರು. ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷ್ಯವನ್ನೂ ಹೇಳಿದರು. ದರ ಇಳಿಸಿದರೆ ಬರುವ ಲಾಭ ಹೊರಗಿನಿಂದ ದೇಶಕ್ಕೆ ಬಂದದ್ದಲ್ಲ, ದೇಶದೊಳಗೇ ಒಂದು ವರ್ಗದ ಕೈಯಿಂದ ಇನ್ನೊಂದು ವರ್ಗದ ಕೈಗೆ ಹೋದದ್ದು ಎಂಬುದು ಅವರ ವಾದದ ತಿರುಳು. ಇದನ್ನು ಓದಿದ ಮೇಲೆ ಗಾಂಧೀಜಿಯ ಬೇಡಿಕೆಯನ್ನು ಬೇರೆ ಥರ ನೋಡಬೇಕಾಯಿತು. ಹದಿನಾರು ಪೆನ್ನಿ ಮಾಡಿದ್ದರೆ ಕಂದಾಯ ಕಟ್ಟುವ ತೋಟದವನಿಗೆ ಒಳ್ಳೆಯದಾಗುತ್ತಿತ್ತು. ಅದೇ ತೋಟದಲ್ಲಿ ಕೂಲಿ ಮಾಡುವವನಿಗೆ? ಅವನ ಕೂಲಿ ಅಷ್ಟೇ, ಅಕ್ಕಿ, ಬಟ್ಟೆ ತುಟ್ಟಿ. ನಮ್ಮ ಕಡೆ ಹೋರಾಟದ ಇತಿಹಾಸ ಬರೆಯುವಾಗ ಈ ಎರಡನೆಯವನು ಬರುವುದು ಕಮ್ಮಿ. ನಾನೂ ತೋಟದವರ ಮನೆಯವನೇ, ಹಾಗಾಗಿ ಇದನ್ನು ಹೇಳುವ ಹಕ್ಕು ನನಗೆ ಸ್ವಲ್ಪ ಜಾಸ್ತಿ ಇದೆ ಅಂದುಕೊಂಡಿದ್ದೇನೆ.

ಇನ್ನು ಕಾಗದಪತ್ರದ ವಿಷಯ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಹಾಗಾಗಿ ಕಂದಾಯದ ಕಡತಕ್ಕೆ ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಹಣಕಾಸು ಇಲಾಖೆಯದಕ್ಕೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ. ರಿಸರ್ವ್ ಬ್ಯಾಂಕಿನ ಪತ್ರಾಗಾರ ಪುಣೆಯಲ್ಲಿದೆ. ಕಡತ ಓದಲು ಒಂದು ಕ್ರಮ ರೂಢಿಸಿಕೊಂಡೆ. ಹೊರಗೆ ಹೋದ ಅಂತಿಮ ಪತ್ರವನ್ನು ಕೊನೆಗೆ ಓದುವುದು. ಮೊದಲು ನೋಟಿಂಗ್, ಅಂದರೆ ಗುಮಾಸ್ತನಿಂದ ಮೇಲಧಿಕಾರಿಯವರೆಗೆ ಒಬ್ಬರ ಕೆಳಗೊಬ್ಬರು ಬರೆದ ಷರಾ. ಆಮೇಲೆ ಕರಡು. ಕರಡಿನಲ್ಲಿ ಹೊಡೆದುಹಾಕಿದ ಸಾಲು ಯಾವುದು, ಯಾರ ಸಹಿ ಬಿದ್ದ ಮೇಲೆ ಹೊಡೆದುಹಾಕಿದರು, ಇದನ್ನು ಬರೆದಿಟ್ಟುಕೊಳ್ಳುತ್ತಿದ್ದೆ. ನಾನು ನೋಡಿದ ಕಂದಾಯದ ಕಡತಗಳಲ್ಲಿ ವಿನಿಮಯ ದರದ ಮಾತು ಬರುವುದು ತೀರಾ ಅಪರೂಪ. ಹಣಕಾಸಿನ ಕಡತಗಳಲ್ಲಿ ಕಾನಡಾ ಜಿಲ್ಲೆಯ, ಅಂದರೆ ನಮ್ಮ ಜಿಲ್ಲೆಯ, ಹೆಸರೇ ಇಲ್ಲ. ಎರಡನ್ನೂ ಒಂದೇ ಮೇಜಿನ ಮೇಲೆ ಇಡುವ ಕೆಲಸ ನಾವೇ ಮಾಡಬೇಕು.

ಈ ಎರಡು ಕಪಾಟಿನ ಸಮಸ್ಯೆ ಕಡತಕ್ಕಷ್ಟೇ ಅಲ್ಲ. ಅರ್ಥಶಾಸ್ತ್ರದವರು, ಅಂತಾರಾಷ್ಟ್ರೀಯ ಸಂಬಂಧದವರು ಒಬ್ಬರನ್ನೊಬ್ಬರು ಕಡೆಗಣಿಸುತ್ತಿದ್ದಾರೆ ಎಂದು ಸೂಸನ್ ಸ್ಟ್ರೇಂಜ್ 1970ರಲ್ಲೇ ಬರೆದಿದ್ದರು. ಆಕೆ ಪ್ರೊಫೆಸರ್ ಆಗುವ ಮುಂಚೆ ಪತ್ರಕರ್ತೆ. ಅದಕ್ಕೇ ಆಕೆಯ ಬರಹ ಒಣಗಿಲ್ಲ. ಇಲ್ಲಿ ನೌಕರಿ ಹುಡುಕುವಾಗ ಆ ಮಾತು ನನ್ನ ಮೈಮೇಲೇ ಬಂತು. ಎಂ.ಎ. ಅರ್ಥಶಾಸ್ತ್ರದಲ್ಲಿ, ಪಿಎಚ್‌ಡಿ ಅಂತಾರಾಷ್ಟ್ರೀಯ ಸಂಬಂಧದಲ್ಲಿ. ಅರ್ಥಶಾಸ್ತ್ರ ವಿಭಾಗದ ಸಂದರ್ಶನದಲ್ಲಿ "ನಿಮ್ಮದು ಇತಿಹಾಸ ಆಯ್ತಲ್ಲ" ಎಂದರು. ರಾಜ್ಯಶಾಸ್ತ್ರದಲ್ಲಿ "ನಿಮ್ಮ ಸ್ನಾತಕೋತ್ತರ ಪದವಿ ಬೇರೆ ವಿಷಯದ್ದು" ಎಂದು ಅರ್ಜಿಯನ್ನೇ ಬದಿಗಿಟ್ಟರು. ಒಂದು ಕಡೆಯಂತೂ ಇಡೀ ಸಂದರ್ಶನ ನಾನು ಯಾವ ವಿಭಾಗದವನು ಎಂಬ ಚರ್ಚೆಯಲ್ಲೇ ಮುಗಿಯಿತು, ರೂಪಾಯಿಯ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ಕೊನೆಗೆ ದೂರಶಿಕ್ಷಣದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮಾಡಿ, ಅದರಲ್ಲೂ ನೆಟ್ (ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆ) ಪಾಸು ಮಾಡಿಕೊಂಡೆ. ಕಲಿತದ್ದು ಹೊಸತೇನಲ್ಲ, ಅರ್ಜಿಯ ಕಾಲಮ್ಮು ತುಂಬಿತು. ಇದು ನ್ಯಾಯವಲ್ಲ, ಆದರೆ ಕೆಲಸ ಬೇಕೆಂದರೆ ಮಾಡಿಕೊಳ್ಳಿ. ನೆಟ್ ಅನ್ನು ನಿಮ್ಮ ಎಂ.ಎ. ವಿಷಯದಲ್ಲೇ ಮೊದಲು ಮುಗಿಸಿ, ವಿಭಾಗ ದಾಟುವ ಪಿಎಚ್‌ಡಿಗೆ ಆಮೇಲೆ ಕೈಹಾಕಿ.

ಕೆಲಸ ಸಿಕ್ಕ ಮೇಲೆ ಎರಡನೇ ವಿಷಯಕ್ಕೆ ಬಂದೆ. ಅದು ಗಲ್ಫಿಗೆ ದುಡಿಯಲು ಹೋದ ಭಟ್ಕಳದ ಕಡೆಯವರದು. ಒಂದು ಕಾಲದಲ್ಲಿ ಕುವೈತ್, ಬಹ್ರೇನ್, ಕತಾರ್, ದುಬೈಗಳಲ್ಲಿ ನಮ್ಮ ರೂಪಾಯಿಯೇ ಓಡುತ್ತಿತ್ತು ಎಂದರೆ ಈಗಿನ ವಿದ್ಯಾರ್ಥಿಗಳು ನಂಬುವುದಿಲ್ಲ. ಅಲ್ಲಿ ಚಿನ್ನ ಅಗ್ಗ, ಇಲ್ಲಿ ತುಟ್ಟಿ. ಕಳ್ಳಸಾಗಣೆಯವರು ರೂಪಾಯಿ ಒಯ್ದು ಚಿನ್ನ ತರುತ್ತಿದ್ದರು. ಆ ನೋಟುಗಳು ತಿರುಗಿ ರಿಸರ್ವ್ ಬ್ಯಾಂಕಿಗೆ ಬಂದಾಗ ಬದಲಿಗೆ ಪೌಂಡ್ ಕೊಡಬೇಕಾಗುತ್ತಿತ್ತು. ಅದನ್ನು ತಡೆಯಲು 1959ರಲ್ಲಿ ಗಲ್ಫಿಗೇ ಬೇರೆ ನೋಟು ಬಂತು. ಬಣ್ಣ ಬೇರೆ, ನಂಬರಿನ ಮುಂದೆ ಝಡ್ ಅಕ್ಷರ. 1961ರಲ್ಲಿ ಕುವೈತ್, 1965ರಲ್ಲಿ ಬಹ್ರೇನ್ ತಮ್ಮದೇ ದಿನಾರ್ ಮಾಡಿಕೊಂಡವು. 1966ರ ಜೂನ್ 6ರಂದು ಭಾರತ ಒಂದು ಡಾಲರಿಗೆ 4.76 ರೂಪಾಯಿ ಇದ್ದದ್ದನ್ನು 7.50 ಮಾಡಿತು. ಗಲ್ಫ್ ರೂಪಾಯಿಯೂ ಅದರ ಜತೆ ಕುಸಿಯಿತು. ಉಳಿದ ರಾಜ್ಯಗಳೂ ಬೇಗ ಬೇಗ ಕೈಬಿಟ್ಟವು. ಕತಾರ್, ದುಬೈ ಸೇರಿ ತಂದ ಹೊಸ ರಿಯಾಲ್ ರೂಪಾಯಿಯ ಹಳೆಯ ಬೆಲೆಗೇ ಸರಿಯಾಗಿತ್ತು. ಒಮಾನಿನಲ್ಲಿ ಮಾತ್ರ 1970ರವರೆಗೆ ಎಳೆಯಿತು.

ಅಂದರೆ ಆ ಹೊಸ ರಿಯಾಲಿನಲ್ಲಿ ಪಗಾರ ಪಡೆದು ಭಟ್ಕಳಕ್ಕೆ ಕಳಿಸುವವನಿಗೆ ಮೊದಲಿಗಿಂತ ಜಾಸ್ತಿ ರೂಪಾಯಿ. ಅದೇ ಹೊತ್ತಿಗೆ ಡಾಲರ್ ಕೊಟ್ಟು ಹೊರಗಿನಿಂದ ಸರಕು ತರಿಸುವ ಸರ್ಕಾರಕ್ಕೆ ಜಾಸ್ತಿ ಖರ್ಚು. ಅಮೆರಿಕ ಮತ್ತು ವಿಶ್ವಬ್ಯಾಂಕಿನ ಒತ್ತಡದ ಮೇಲೆ ದರ ಇಳಿಸಿದರು ಎಂಬ ಸಿಟ್ಟು ಪಾರ್ಲಿಮೆಂಟಿನಲ್ಲಿ ಬೇರೆ. ಈ ಕೆಲಸಕ್ಕೆ ಕಡತ ಸಾಲದು. ಹಿರಿಯರ ಜತೆ ಕೂರಬೇಕು. ಮನೆಯೊಳಗೆ ಅವರು ನವಾಯತಿ ಮಾತಾಡುತ್ತಾರೆ. ನನಗೆ ಬಾರದ ಕಡೆ ಮೊಮ್ಮಕ್ಕಳು ಕನ್ನಡಕ್ಕೆ ತಿರುಗಿಸಿ ಹೇಳುತ್ತಾರೆ. "ಎಷ್ಟು ಕಳಿಸುತ್ತಿದ್ದಿರಿ" ಎಂದು ಮೊದಲೇ ಕೇಳಬಾರದು. ಯಾವ ಹಡಗು, ಯಾರ ಅಂಗಡಿ, ಮೊದಲ ಪಗಾರದಲ್ಲಿ ಏನು ಕೊಂಡಿರಿ, ಇಲ್ಲಿಂದ ಶುರು ಮಾಡಿದರೆ ದುಡ್ಡಿನ ಮಾತು ತಾನಾಗಿ ಬರುತ್ತದೆ.

ಪಾಠ ಮಾಡುವಾಗ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಮತಗಳ ಲೆಕ್ಕ ತಪ್ಪದೆ ಮಾಡಿಸುತ್ತೇನೆ. ದೊಡ್ಡ ತೀರ್ಮಾನಗಳಿಗೆ ಶೇ. 85 ಮತ ಬೇಕು. ಅಮೆರಿಕದ ಒಂದರದ್ದೇ ಶೇ. 16ಕ್ಕಿಂತ ಜಾಸ್ತಿ. ಉಳಿದದ್ದನ್ನು ಮಕ್ಕಳೇ ಕಳೆದು ನೋಡಿ ನಗುತ್ತಾರೆ. ನಿಧಿಯ ಕಾರ್ಯಕಾರಿ ಮಂಡಳಿಯಲ್ಲಿ ನಮ್ಮ ಕುರ್ಚಿಯಲ್ಲಿ ಭಾರತದ ಜತೆ ಬಾಂಗ್ಲಾದೇಶ, ಭೂತಾನ್, ಶ್ರೀಲಂಕಾ ಕೂತಿವೆ. ಶ್ರೀಲಂಕಾ 2022ರಲ್ಲಿ ಸಾಲ ತೀರಿಸಲಾಗದೆ ನಿಂತಾಗ ಇದು ಬರೀ ಪರೀಕ್ಷೆಯ ಪ್ರಶ್ನೆಯಾಗಿ ಉಳಿಯಲಿಲ್ಲ.

ಗಣಿತ ಎಷ್ಟು ಬೇಕು ಎಂದು ಎಲ್ಲರೂ ಕೇಳುತ್ತಾರೆ. ಬೇರೆಯವರ ಸಮೀಕರಣ ಓದಿ ಎಲ್ಲಿ ಏನು ಅಂದುಕೊಂಡಿದ್ದಾರೆ ಎಂದು ಹಿಡಿಯುವಷ್ಟು ಸಾಕು. ಅದಕ್ಕಿಂತ ಮೊದಲು ರಿಸರ್ವ್ ಬ್ಯಾಂಕ್ ಪ್ರಕಟಿಸುವ ಪಾವತಿ ಬಾಕಿಯ, ಅಂದರೆ ದೇಶಕ್ಕೆ ಹೊರಗಿನಿಂದ ಬಂದ ಮತ್ತು ಹೊರಗೆ ಹೋದ ದುಡ್ಡಿನ ಲೆಕ್ಕದ, ಕೋಷ್ಟಕವನ್ನು ಒಮ್ಮೆ ಪೂರ್ತಿ ಓದಿ. ಪುಕ್ಕಟೆ ಸಿಗುತ್ತದೆ. ಸರಕಿನ ವ್ಯಾಪಾರದಲ್ಲಿ ಕೊರತೆ, ಸೇವೆಗಳಲ್ಲಿ ಮಿಗತೆ, ಅದರ ಕೆಳಗೆ ಖಾಸಗಿ ವರ್ಗಾವಣೆ ಎಂಬ ಸಾಲು. ಭಟ್ಕಳದ ಮನೆಗಳಿಗೆ ಬ್ಯಾಂಕಿನ ಮೂಲಕ ಬರುವ ದುಡ್ಡು ಅಲ್ಲಿದೆ. ಯಾರೋ ಊರಿಗೆ ಬರುವಾಗ ಕೈಯಲ್ಲಿ ತಂದುಕೊಟ್ಟದ್ದು ಹೆಚ್ಚಾಗಿ ಅಲ್ಲಿ ಕಾಣುವುದಿಲ್ಲ. ಕೊನೆಯಲ್ಲಿ ತಪ್ಪು ಮತ್ತು ಬಿಟ್ಟುಹೋದದ್ದು ಎಂದು ಒಂದು ಸಾಲು ಇರುತ್ತದೆ, ಅದನ್ನೂ ಬಿಡಬೇಡಿ.