ವಾಲ್ಯೂಮ್ ಇಳಿಸಿದಾಗ ಬರುತ್ತಿದ್ದ ಆ ಒರಟು ಸದ್ದು

ರಾತ್ರಿ ಮಕ್ಕಳು ಮಲಗಿದ ಮೇಲೆ ಮೆಲ್ಲಗೆ ವೀಣೆ ಕೇಳುವುದು ನನ್ನ ಅಭ್ಯಾಸ. ಆಂಪ್ಲಿಫೈಯರ್ ಗುಂಡಿ ಮುಕ್ಕಾಲು ತಿರುಗಿಸಿಟ್ಟು, ಲ್ಯಾಪ್‌ಟಾಪ್‌ನಲ್ಲೇ ಸದ್ದು ತಗ್ಗಿಸುತ್ತಿದ್ದೆ, ಎದ್ದು ಹೋಗೋಕೆ ಸೋಮಾರಿತನ ಅಷ್ಟೇ. ತಂತಿ ಮೀಟಿದ ಮೇಲೆ ನಾದ ಕರಗುತ್ತಾ ಹೋಗುತ್ತದಲ್ವಾ, ಸರಿಯಾಗಿ ಅಲ್ಲಿ ಅಕ್ಕಿ ಜರಡಿ ಹಿಡಿದ ಹಾಗೆ ಒರಟು ಸದ್ದು. ಕೇಬಲ್ ಬದಲಿಸಿದೆ. ಸುಮ್ನೆ ದುಡ್ಡು ದಂಡ.

ಕೊನೆಗೆ ಸೆಟ್ಟಿಂಗ್ಸ್ ತೆಗೆದು ನೋಡಿದರೆ ಔಟ್‌ಪುಟ್ 16 ಬಿಟ್‌ನಲ್ಲಿತ್ತು. ಬಿಟ್ ಜಾಸ್ತಿ ಇದ್ದಷ್ಟೂ ಸದ್ದಿನ ಏರಿಳಿತವನ್ನು ಸೂಕ್ಷ್ಮವಾಗಿ ಅಳೆದಿಡಬಹುದು. ಡಿಜಿಟಲ್‌ನಲ್ಲಿ ಪ್ರತಿ 6 ಡೆಸಿಬೆಲ್ ಇಳಿಸಿದಾಗ ಸುಮಾರು ಒಂದು ಬಿಟ್ ಹೋಗುತ್ತದೆ. ನಾನು 36 ಡೆಸಿಬೆಲ್ ಇಳಿಸಿದ್ದೆ, ಅಂದರೆ ಕೈಯಲ್ಲಿ ಉಳಿದಿದ್ದು ಬರೀ 10 ಬಿಟ್! ಔಟ್‌ಪುಟ್ 24 ಬಿಟ್ ಮಾಡಿದೆ. ಈಗ 16 ಬಿಟ್ ಹಾಡಿನ ಕೆಳಗೆ ಇನ್ನೂ 8 ಬಿಟ್ ಜಾಗ ಇರುವುದರಿಂದ, ಸುಮಾರು 48 ಡೆಸಿಬೆಲ್ ಇಳಿಸಿದರೂ ಹೆಚ್ಚೇನೂ ಕಳೆದುಹೋಗುವುದಿಲ್ಲ. ಒರಟುತನ ಮಾಯ.

ಆದರೆ ಹಿಂದೆ ಸಣ್ಣಗೆ ‘ಸುಯ್’ ಅನ್ನುವುದು ಇದ್ದೇ ಇತ್ತು. ಅದು ಬಿಟ್ ತೊಂದರೆ ಅಲ್ಲ. ಡ್ಯಾಕ್‌ನ (ಡಿಜಿಟಲ್ ಅಂಕಿಗಳನ್ನು ಆಂಪ್ಲಿಫೈಯರ್‌ಗೆ ಬೇಕಾದ ವಿದ್ಯುತ್ ಸಂಕೇತ ಮಾಡುವ ಭಾಗ) ಸ್ವಂತ ಗದ್ದಲವನ್ನು ಆಂಪ್ಲಿಫೈಯರ್ ಜಾಸ್ತಿ ಮಾಡಿ ಕೇಳಿಸುತ್ತಿತ್ತು. ಲ್ಯಾಪ್‌ಟಾಪ್ ವಾಲ್ಯೂಮ್ 90ರ ಮೇಲಿಟ್ಟು ಗುಂಡಿಯನ್ನು ಚೆನ್ನಾಗಿ ಇಳಿಸಿದೆ, ಅದೂ ನಿಂತಿತು. ಸದ್ದು ಬದಲಿಸಲು ಈಗ ಎದ್ದೇ ಹೋಗಬೇಕು, ಏನ್ಮಾಡೋದು.