ಸ್ಪಿತಿಗೆ ಯಾವಾಗ? ಮೊದಲು ದಾರಿ ನೋಡಿ, ಆಮೇಲೆ ತಿಂಗಳು

ಸ್ಪಿತಿ ಪ್ರವಾಸಕ್ಕೆ ದಿನ ಗೊತ್ತುಮಾಡುವಾಗ ನಾನು ಅಲ್ಲಿನ ಮುಖ್ಯ ಊರಾದ ಕಾಜಾದ ಹವಾಮಾನ ನೋಡುವುದು ಕಟ್ಟಕಡೆಗೆ. ಮೊದಲು ನೋಡುವುದು ಕುಂಜುಂ ಪಾಸ್ (ಬೆಟ್ಟಸಾಲು ದಾಟುವ ಎತ್ತರದ ದಾರಿ) ತೆರೆದಿರುತ್ತದೆಯೇ ಎಂದು. ಹಿಮಾಚಲದ ಈ ಕಣಿವೆಗೆ ಗಾಡಿ ಹೋಗುವ ಬಾಗಿಲು ಎರಡೇ. ಒಂದು ಶಿಮ್ಲಾ ಕಡೆಯದು: ರಾಂಪುರ, ರೆಕಾಂಗ್ ಪಿಯೋ, ನಾಕೋ, ತಾಬೋ ಹಾದು ಕಾಜಾ, 400 ಕಿ.ಮೀ.ಗೂ ಹೆಚ್ಚು. ಇನ್ನೊಂದು ಮನಾಲಿ ಕಡೆಯದು: ಗ್ರಾಂಫೂ, ಛತ್ರು, ಬತಾಲ್ ದಾಟಿ, ಕುಂಜುಂ ಹತ್ತಿಳಿದು ಲೋಸರ್, ಆಮೇಲೆ ಕಾಜಾ, ಸುಮಾರು 200 ಕಿ.ಮೀ. ಮೊದಲನೆಯದು ಭೂಕುಸಿತವೋ ಭಾರೀ ಹಿಮವೋ ಆಗದಿದ್ದರೆ ವರ್ಷವಿಡೀ ತೆರೆದಿರುತ್ತದೆ. ಎರಡನೆಯದು ಸಾಮಾನ್ಯವಾಗಿ ಜೂನ್ ಹೊತ್ತಿಗೆ ತೆರೆದು, ಅಕ್ಟೋಬರ್ ಮಧ್ಯದ ನಂತರ ಯಾವ ಹಿಮಪಾತಕ್ಕೆ ಬೇಕಾದರೂ ಮುಚ್ಚಿಬಿಡುತ್ತದೆ.

2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ಉದ್ಘಾಟನೆಯಾದ ಮೇಲೆ ಸ್ಪಿತಿಗೂ ವರ್ಷಪೂರ್ತಿ ಮನಾಲಿಯಿಂದಲೇ ಹೋಗಬಹುದು ಎಂದುಕೊಂಡವರು ಬಹಳ ಜನ. ಸುರಂಗ ತಪ್ಪಿಸುವುದು ಮನಾಲಿ ಬಳಿಯ ರೋಹ್ತಾಂಗ್ ಪಾಸ್ ಒಂದನ್ನು ಮಾತ್ರ. 4,500 ಮೀಟರಿಗೂ ಎತ್ತರದ ಕುಂಜುಂ ಇದ್ದಲ್ಲೇ ಇದೆ. ಅದಕ್ಕೆ ಸುರಂಗವಿಲ್ಲ.

ಮಕ್ಕಳ ಬೇಸಿಗೆ ರಜೆಗೆ, ಅಂದರೆ ಏಪ್ರಿಲ್–ಮೇನಲ್ಲಿ ಹೊರಡುವವರು ಶಿಮ್ಲಾ ಕಡೆಯಿಂದ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುವ ಲೆಕ್ಕ ಹಾಕಬೇಕು. ಕುಂಜುಂ ಆಚೆ, ಮನಾಲಿ ಬದಿಗಿರುವ ಚಂದ್ರತಾಲ್ ಸರೋವರದ ಆಸೆ ಆ ಸಲಕ್ಕೆ ಬಿಡಬೇಕು. ಆ ಹೊತ್ತಿನಲ್ಲಿ ಸ್ಪಿತಿ ಕಂದುಬಣ್ಣಕ್ಕಿರುತ್ತದೆ, ನೆರಳಿನ ಇಳಿಜಾರುಗಳಲ್ಲಿ ಹಳೆಯ ಹಿಮ ಉಳಿದಿರುತ್ತದೆ. ಆದರೆ ದಾರಿಯಲ್ಲಿ ಸಿಗುವ ಕಿನ್ನೌರ್‌ನಲ್ಲಿ ಏಪ್ರಿಲ್ ಎಂದರೆ ಜರ್ದಾಳು, ಸೇಬಿನ ಗಿಡಗಳು ಹೂಬಿಡುವ ಕಾಲ. ಕಲ್ಪಾದಲ್ಲಿ ಎರಡು ರಾತ್ರಿ ತಂಗಿದರೆ ಅದೊಂದಕ್ಕೇ ಹೋದದ್ದು ಸಾರ್ಥಕ.

ಜೂನ್ ಎಂದರೆ ನಮಗೆ ಮುಂಗಾರು, ಸ್ಪಿತಿಗೆ ಹಿಮ ಕರಗುವ ಕಾಲ. ಪಾಸ್ ತೆರೆದ ಸುದ್ದಿ ಬಂದ ಮರುದಿನವೇ ಹೊರಡುವುದು ನನಗೆ ಸರಿ ಕಾಣುವುದಿಲ್ಲ, ಕಾರಣ ಗ್ರಾಂಫೂ–ಬತಾಲ್ ನಡುವಿನ ನಾಲಾಗಳು, ಅಂದರೆ ಬೆಟ್ಟದಿಂದ ಇಳಿಯುವ ಹಳ್ಳಗಳು. ಇಲ್ಲಿ ನೀರು ರಸ್ತೆಯ ಅಡಿಯಲ್ಲಲ್ಲ, ರಸ್ತೆಯ ಮೇಲೇ ಹರಿಯುವ ಜಾಗಗಳಿವೆ. ರಾತ್ರಿ ಚಳಿಗೆ ಮೇಲಿನ ಹಿಮ ಬಿಗಿದಿರುತ್ತದೆ, ಬೆಳಗ್ಗೆ ನೀರು ಮೊಣಕಾಲಿಗಿಂತ ಕೆಳಗೆ. ಬಿಸಿಲೇರಿದಂತೆ ಹಿಮ ಕರಗಿ, ಮಧ್ಯಾಹ್ನದ ಹೊತ್ತಿಗೆ ಅದೇ ನಾಲಾ ಕಲ್ಲುಗಳನ್ನು ಉರುಳಿಸಿಕೊಂಡು ಬರುತ್ತದೆ. ಹಾಗಾಗಿ ಯಾವ ಕಡೆಯಿಂದ ಹೊರಟರೂ ಬೆಳಕು ಹರಿಯುವ ಮುಂಚೆ ಹೊರಟು, ದೊಡ್ಡ ನಾಲಾಗಳನ್ನು ಹತ್ತು ಗಂಟೆಯೊಳಗೆ ದಾಟಿಬಿಡಬೇಕು.

ದಾಟುವ ಕ್ರಮವೂ ಮುಖ್ಯ. ಗಾಡಿ ನಿಲ್ಲಿಸಿ, ಇಳಿದು, ಮುಂದಿನ ಗಾಡಿ ಯಾವ ಸಾಲಿನಲ್ಲಿ ಹೋಯಿತು, ಎಲ್ಲಿ ಕುಲುಕಿತು ನೋಡಿ. ನೀರು ಬೂದುಬಣ್ಣದ ಬಗ್ಗಡವಾಗಿರುವುದರಿಂದ ತಳ ಕಾಣುವುದಿಲ್ಲ. ಮುಂದೆ ಹೋದ ಚಕ್ರವೇ ಆಳದ ಅಳತೆ. ಮೊದಲ ಗೇರಿಗೆ ಹಾಕಿ, ಆಕ್ಸಿಲರೇಟರ್ ಒಂದೇ ಸಮ ಹಿಡಿದು, ಮಧ್ಯದಲ್ಲಿ ಕ್ಲಚ್ ಒತ್ತದೆ, ಗೇರ್ ಬದಲಿಸದೆ ಆಚೆ ದಡ ಸೇರಬೇಕು. ನೀರಿನೊಳಗೆ ಇಂಜಿನ್ ಆಫ್ ಆಯಿತೋ, ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಇಂಜಿನ್ನೇ ಹೋಗುತ್ತದೆ. ಇಳಿದು ತಳ್ಳುವುದೇ ಮೇಲು. ದಾಟಿದ ಮೇಲೆ ನಾಲ್ಕೈದು ಸಲ ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ.

ಜುಲೈ–ಆಗಸ್ಟ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಆಯ್ಕೆ ಇದ್ದರೆ ಬೇಡ. ಸ್ಪಿತಿ ಮಳೆನೆರಳಿನ ನಾಡು, ಅಲ್ಲಿ ಮಳೆ ಕಡಿಮೆ, ಹೊಲಗಳಲ್ಲಿ ಬಟಾಣಿ ಹಸಿರಾಗಿರುತ್ತದೆ, ಹಗಲು ಹಿತವಾಗಿರುತ್ತದೆ, ಎಲ್ಲವೂ ನಿಜ. ಆದರೆ ಅಲ್ಲಿಗೆ ಮುಟ್ಟಿಸುವ ಎರಡೂ ದಾರಿಗಳು ಮಳೆ ಬೀಳುವ ಬೆಟ್ಟಗಳನ್ನು ಹಾದೇ ಹೋಗಬೇಕು. 2021ರ ಜುಲೈ 25ರಂದು ಕಿನ್ನೌರ್‌ನ ಬಟ್ಸೇರಿಯಲ್ಲಿ ಬಂಡೆಗಳು ಉರುಳಿ ಒಂಬತ್ತು ಪ್ರವಾಸಿಗರು ಸತ್ತರು. ಅದಾಗಿ ಮೂರು ವಾರ ಕಳೆಯುವುದರೊಳಗೆ, ಆಗಸ್ಟ್ 11ರಂದು, ನಿಗುಲ್‌ಸರಿಯಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಜಾರಿತು. 2023ರ ಜುಲೈ ಎರಡನೇ ವಾರದಲ್ಲಿ ಚಂದ್ರತಾಲ್ ಬಳಿ ಅಕಾಲದ ಹಿಮ ಬಿದ್ದು ಸುಮಾರು 300 ಜನ ದಿನಗಟ್ಟಲೆ ಸಿಕ್ಕಿಬಿದ್ದರು. ಕಾಜಾದಲ್ಲಿ ಬಿಸಿಲಿದೆ ಎಂದು ಫೋನಿನ ಹವಾಮಾನ ಆ್ಯಪ್ ತೋರಿಸುವುದರಿಂದ ಈ ದಾರಿಗಳ ಬಗ್ಗೆ ಏನೂ ತಿಳಿಯುವುದಿಲ್ಲ.

ನನ್ನ ಲೆಕ್ಕದಲ್ಲಿ ಒಳ್ಳೆಯ ಕಾಲ ಸೆಪ್ಟೆಂಬರ್ ಎರಡನೇ ವಾರದಿಂದ ಆ ತಿಂಗಳ ಕೊನೆಯ ತನಕ. ಮಳೆ ಹಿಂದೆ ಸರಿಯುತ್ತಿರುತ್ತದೆ, ಕರಗುವ ಹಿಮ ಕಡಿಮೆಯಾಗಿ ನಾಲಾಗಳು ಇಳಿದಿರುತ್ತವೆ, ಎರಡೂ ಬಾಗಿಲು ತೆರೆದಿರುತ್ತವೆ. ಕಾಜಾ ಮೇಲಿನ ಹಳ್ಳಿಗಳಾದ ಲಾಂಗ್ಜಾ, ಕೋಮಿಕ್ ಹೊಲಗಳಲ್ಲಿ ಬಾರ್ಲಿ ಹಳದಿಯಾಗಿ ಕೊಯ್ಲು ನಡೆದಿರುತ್ತದೆ, ಕಿನ್ನೌರ್‌ನಲ್ಲಿ ಸೇಬು ಕೀಳುತ್ತಿರುತ್ತಾರೆ. ನಕ್ಷತ್ರ ನೋಡುವ ಆಸೆಯಿದ್ದರೆ ಪಂಚಾಂಗ ತೆಗೆದು, ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು ಮೇಲಿನ ಹಳ್ಳಿಗಳಿಗೆ ಸಿಗುವಂತೆ ದಿನ ಹೊಂದಿಸಿ. ಹುಣ್ಣಿಮೆಗೆ ಹೋದರೆ ಬೆಟ್ಟ ಚೆನ್ನಾಗಿ ಕಾಣುತ್ತದೆ, ಆಕಾಶಗಂಗೆ ಕಾಣುವುದಿಲ್ಲ.

ಹಾಗೆಂದು ಸೆಪ್ಟೆಂಬರ್ ಕಣ್ಣುಮುಚ್ಚಿ ನಂಬುವ ತಿಂಗಳಲ್ಲ. 2018ರಲ್ಲಿ ಸೆಪ್ಟೆಂಬರ್ 22ರ ಹೊತ್ತಿಗೇ ಭಾರೀ ಹಿಮ ಬಿದ್ದು ಲಾಹೌಲ್–ಸ್ಪಿತಿಯಲ್ಲಿ ನೂರಾರು ಜನ ಸಿಲುಕಿದ್ದರು. ಅದಕ್ಕೇ ಹತ್ತು ದಿನದ ಪ್ರವಾಸವಾದರೆ ಎಂಟೇ ದಿನದ ಕಾರ್ಯಕ್ರಮ ಹಾಕಿ, ಎರಡು ದಿನ ಖಾಲಿ ಬಿಡಬೇಕು. ಅದೂ ಕೊನೆಯಲ್ಲಿ. ಕುಂಜುಂ ಮುಚ್ಚಿದರೆ ಕಾಜಾದಿಂದ ಹಿಂದಿರುಗಿ ಕಿನ್ನೌರ್ ಮೂಲಕ ಶಿಮ್ಲಾ ಮುಟ್ಟಲು ಬೇಕಾಗುವುದು ಸರಿಯಾಗಿ ಎರಡು ದಿನ. ಚಂಡೀಗಢದಿಂದ ಹೊರಡುವ ವಿಮಾನದ ಟಿಕೆಟ್ ಈ ಲೆಕ್ಕದ ಮೇಲೆ ಕೊಳ್ಳಿ.

ದಿಕ್ಕಿನ ವಿಷಯದಲ್ಲಿ ರಾಜಿ ಇಲ್ಲ: ಶಿಮ್ಲಾ ಕಡೆಯಿಂದ ಒಳಗೆ, ಮನಾಲಿ ಕಡೆಯಿಂದ ಹೊರಗೆ. ಮನಾಲಿ ಇರುವುದು ಸುಮಾರು 2,000 ಮೀಟರಿನಲ್ಲಿ. ಅಲ್ಲಿಂದ ಹೊರಟರೆ ಅದೇ ದಿನ 4,500 ದಾಟಿ, 3,600ಕ್ಕಿಂತ ಮೇಲಿನ ಕಾಜಾದಲ್ಲಿ ಮಲಗಬೇಕು. ತಲೆನೋವು, ಹೊಟ್ಟೆ ತೊಳಸುವುದು, ನಿದ್ದೆ ಹತ್ತದಿರುವುದು ಆ ರಾತ್ರಿಯೇ ಶುರು. ಶಿಮ್ಲಾ ಕಡೆಯಿಂದಾದರೆ ಒಂದು ರಾತ್ರಿ ಶಿಮ್ಲಾ ಅಥವಾ ಸರಾಹನ್, ಎರಡು ರಾತ್ರಿ ಕಲ್ಪಾ, ಒಂದು ತಾಬೋ, ಆಮೇಲೆ ಕಾಜಾ. ಎತ್ತರಕ್ಕೆ ಒಗ್ಗಲು ದೇಹಕ್ಕೆ ನಾಲ್ಕು ದಿನ ಸಿಗುತ್ತದೆ. ತಾಬೋ ಕಾಜಾಕ್ಕಿಂತ ತಗ್ಗಿನಲ್ಲಿದೆ, 996ರಲ್ಲಿ ಕಟ್ಟಿದ ಮಣ್ಣಿನ ಗೋಡೆಗಳ ವಿಹಾರವೂ ಅಲ್ಲೇ ಇದೆ. ಅವಸರದಲ್ಲಿ ನೋಡಿ ಮುಗಿಸುವ ಜಾಗ ಅದಲ್ಲ. ಚಂದ್ರತಾಲ್ ಸುಮಾರು 4,300 ಮೀಟರ್. ಅಲ್ಲಿ ರಾತ್ರಿ ಉಳಿಯುವುದು ಪ್ರವಾಸದ ಕೊನೆಗೇ ಇರಲಿ. ತಲೆನೋವು ಮಾತ್ರೆಗೂ ಬಗ್ಗದೆ ವಾಂತಿ ಜೊತೆಯಾದರೆ ಕಾಯಬೇಡಿ, ಕೆಳಗಿಳಿಯಿರಿ.

ದಸರಾ ರಜೆಗೆ ಹೋಗುವವರಿಗೆ ಒಂದು ಮಾತು. ಹಬ್ಬ ಅಕ್ಟೋಬರ್ ಮೊದಲ ವಾರಕ್ಕೆ ಬಂದರೆ ಇಡೀ ಸುತ್ತು ಹಾಕಬಹುದು, ರಾತ್ರಿ ನೀರು ಹೆಪ್ಪುಗಟ್ಟುವ ಚಳಿಗೆ ಸಿದ್ಧರಾಗಿ. ಚಂದ್ರತಾಲ್ ಡೇರೆಗಳನ್ನು ಆ ಹೊತ್ತಿಗೆ ಕಿತ್ತಿರುತ್ತಾರೆ ಅಥವಾ ಕೀಳುತ್ತಿರುತ್ತಾರೆ, ಮುಂಗಡ ಕಳಿಸುವ ಮೊದಲು ಕೇಳಿಕೊಳ್ಳಿ. ಹಬ್ಬ ತಿಂಗಳ ಕೊನೆಗೆ ಬಂದರೆ ಹೋಗಿಬರುವುದೆರಡೂ ಶಿಮ್ಲಾ ಕಡೆಯಿಂದಲೇ.

ಚಳಿಗಾಲ ಬೇರೆಯದೇ ಪ್ರವಾಸ. ಫೆಬ್ರವರಿ–ಮಾರ್ಚ್‌ನಲ್ಲಿ ಕಿಬ್ಬರ್ ಹಳ್ಳಿಯ ಸುತ್ತ ಹಿಮಚಿರತೆ ನೋಡಲು ಹೋಗುವವರಿಗೆ ಮಾತ್ರ ಹೇಳುತ್ತೇನೆ. ರಾತ್ರಿ ಮೈನಸ್ 20ಕ್ಕಿಂತ ಕೆಳಗಿಳಿಯುತ್ತದೆ. ಪೈಪುಗಳು ಒಡೆಯುವುದರಿಂದ ನಲ್ಲಿಯಲ್ಲಿ ನೀರಿಲ್ಲ, ಬಕೆಟ್ಟಿನಲ್ಲಿ ಕೊಟ್ಟಷ್ಟೇ. ಮನೆಮಂದಿಯೆಲ್ಲ ಒಲೆಯಿರುವ ಒಂದೇ ಕೋಣೆಯಲ್ಲಿ ಇರುತ್ತಾರೆ, ನೀವೂ ಅಲ್ಲೇ. ಬಯಲುಸೀಮೆಯಲ್ಲಿ ತುಂಬಿಸಿದ ಡೀಸೆಲ್ ಈ ಚಳಿಗೆ ಮೇಣದಂತೆ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಸ್ವಂತ ಗಾಡಿ ಬಿಟ್ಟು, ಅಲ್ಲಿನ ಚಳಿಗೆ ಪಳಗಿದ ಚಾಲಕರನ್ನೇ ಹಿಡಿಯಿರಿ.

ಹೊರಡುವ ಹಿಂದಿನ ದಿನ ನಾನು ಫೋನ್ ಮಾಡುವುದು ಲೋಸರ್ ಅಥವಾ ಕಾಜಾದಲ್ಲಿ ಉಳಿಯುವ ಮನೆಯವರಿಗೆ. ‘ರಸ್ತೆ ಓಪನ್ ಇದೆಯಾ’ ಎಂದು ಕೇಳಿದರೆ ಹೌದು ಎಂದೇ ಉತ್ತರ ಬರುತ್ತದೆ. ಫೋರ್‌ ಬೈ ಫೋರ್ ಗಾಡಿಗಳಿಗೆ ಮಾತ್ರ ಬಿಟ್ಟಿದ್ದರೂ ಅದು ಓಪನ್ನೇ. ಕೇಳಬೇಕಾದ್ದು ಹೀಗೆ: ‘ಇವತ್ತು ಮನಾಲಿಯಿಂದ ಯಾವ ಗಾಡಿ ಬಂತು, ಎಷ್ಟು ಗಂಟೆಗೆ ಹೊರಟು ಎಷ್ಟಕ್ಕೆ ಮುಟ್ಟಿತು?’ ಸಣ್ಣ ಕಾರು ಹನ್ನೆರಡು ಗಂಟೆಯೊಳಗೆ ಬಂದಿದ್ದರೆ ಹೊರಡಬಹುದು. ಹದಿನಾರು ಗಂಟೆ ಹಿಡಿದಿದ್ದರೆ ನಾಲಾಗಳು ಇನ್ನೂ ಇಳಿದಿಲ್ಲ ಎಂದರ್ಥ.