ಟಿಕೆಟ್ ಜಗಳ ಆದ್ಮೇಲೆ ಪಕ್ಷದವ್ರನ್ನ ಒಟ್ಟು ಸೇರ್ಸೋದು ಹೇಗೆ

ಕೊಡಗಲ್ಲಿ ಇರೋದೇ 2 ವಿಧಾನಸಭೆ ಕ್ಷೇತ್ರ, ಮಡಿಕೇರಿ ಮತ್ತೆ ವಿರಾಜಪೇಟೆ, 2023ರಲ್ಲಿ ಎರಡರಲ್ಲೂ ಗೆಲುವಿನ ಅಂತರ 5 ಸಾವಿರ ವೋಟ್ ದಾಟ್ಲಿಲ್ಲ, ಹಂಗಿರುವಾಗ ಟಿಕೆಟ್ ಸಿಗ್ದೆ ಬೇಜಾರಾದ ಒಬ್ಬ ಲೀಡರ್ ಸುಮ್ನೆ ಮನೇಲಿ ಕೂತ್ರೂ ಸಾಕು ಸೋಲೋಕೆ.

ಮೊದ್ಲು ಟಿಕೆಟ್ ಸಿಕ್ಕವ್ರೇ ಅವ್ರ ಮನೆಗೆ ಹೋಗ್ಬೇಕು. ಫೋನಲ್ಲಿ ಮುಗ್ಸೋದು ಬೇಡ, ಹಿಂದೆ ಹತ್ತು ಜನ ಬೇಡ, ಫೋಟೋನೂ ಬೇಡ. ಅವ್ರ ಸಿಟ್ಟೆಲ್ಲ ಹೊರಗೆ ಬರ್ಲಿ, ಮಧ್ಯ ಬಾಯಿ ಹಾಕ್ಬೇಡಿ, ನನ್ ಪ್ರಕಾರ ಅರ್ಧ ಕೆಲಸ ಇಲ್ಲೇ ಆಗುತ್ತೆ. ನಾಮಪತ್ರ ಪರಿಶೀಲನೆ ಆಗಿ ಸಾಮಾನ್ಯವಾಗಿ 2 ದಿನಕ್ಕೆ ವಾಪಸ್ ತಗೊಳೋ ಟೈಮ್ ಮುಗ್ಯುತ್ತೆ, ಬಂಡಾಯ ನಿಂತವ್ರ ಹತ್ರ ಅದಕ್ಕೂ ಮುಂಚೆ ಮಾತಾಡಿ. ಸೋಮವಾರಪೇಟೆ ಕಡೆ ಅವ್ರ ಹುಡುಗ್ರು ಜಾಸ್ತಿ ಇದ್ರೆ ಅಲ್ಲಿನ ಬೂತ್ ಜವಾಬ್ದಾರಿ ಅವ್ರಿಗೇ ಕೊಡಿ. ಕೊಡೋಕಾಗ್ದಿರೋ ಹುದ್ದೆ ಮಾತ್ರ ಕೊಡ್ತೀವಿ ಅನ್ಬೇಡಿ.